ರಕ್ತದ ಕೊಬ್ಬು ಮತ್ತು ಮಾಡದ ತಪ್ಪಿನ ಹುಡುಕಾಟ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಆಪ್ತಸಲಹೆಗೆಂದು ನನ್ನ ಬಳಿಗೆ ಬಂದ ಇವರಿಗೆ 41 ವರ್ಷ; ಇಬ್ಬರು ಮಕ್ಕಳ ತಾಯಿ. ತೂಕ ಹೆಚ್ಚಿಲ್ಲ, ಧೂಮಪಾನವಿಲ್ಲ, ದಿನವೂ ವೇಗವಾಗಿ ನಡೆಯುವ ಅಭ್ಯಾಸವಿದೆ. ಅಣ್ಣನಿಗೆ 44ನೇ ವಯಸ್ಸಿನಲ್ಲಿ ಹೃದಯಾಘಾತವಾದ ಮೇಲೆ ಮನೆಯವರ ಒತ್ತಾಯಕ್ಕೆ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿದಾಗ ಎಲ್‌ಡಿಎಲ್ ಕೊಲೆಸ್ಟ್ರಾಲ್ (ಸಾಮಾನ್ಯವಾಗಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವುದು) ಡೆಸಿಲೀಟರಿಗೆ 208 ಮಿಲಿಗ್ರಾಂ ಬಂದಿತ್ತು. ವೈದ್ಯರು ಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಮೂರು ತಿಂಗಳಲ್ಲಿ ಅದು 98ಕ್ಕೆ ಇಳಿಯಿತು. ವಾಸಿಯಾಯಿತೆಂದು ಭಾವಿಸಿ ಅವರು ಮಾತ್ರೆ ಬಿಟ್ಟರು. ಆಮೇಲೆ ಆರು ತಿಂಗಳು ಜಿಡ್ಡಿನ ಪದಾರ್ಥಗಳನ್ನೇ ಮುಟ್ಟದೆ ಇದ್ದು ಮತ್ತೆ ಪರೀಕ್ಷಿಸಿಕೊಂಡಾಗ ಸಂಖ್ಯೆ 193 ಆಗಿತ್ತು. ನನ್ನ ಬಳಿಗೆ ಕಳುಹಿಸುವಾಗ ವೈದ್ಯರು ಚೀಟಿಯಲ್ಲಿ ಬರೆದದ್ದು, ಮಾತ್ರೆ ನಿರಾಕರಿಸುತ್ತಿದ್ದಾರೆ ಎಂದಷ್ಟೇ.

ಮೊದಲ ಭೇಟಿಯಲ್ಲಿ ಅವರು ಮಾತ್ರೆಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ನಾನು ಎಲ್ಲಿ ತಪ್ಪಿದೆ, ಹೇಳಿ. ಇಷ್ಟು ಪಥ್ಯ ಮಾಡಿದರೂ ಇಳಿಯಲಿಲ್ಲವೆಂದರೆ ಇನ್ನೇನು ಬಿಡಬೇಕು?" ಎಂಬುದೇ ಅವರ ಪ್ರಶ್ನೆಯಾಗಿತ್ತು. ಮನೆಯವರೊಡನೆ ಕುಳಿತು ಊಟ ಮಾಡುವುದನ್ನು ಅವರು ನಿಲ್ಲಿಸಿದ್ದರು. ಮಾತ್ರೆ ನುಂಗುವುದೆಂದರೆ ಶಿಸ್ತಿನಲ್ಲಿ ಸೋತೆನೆಂದು ಒಪ್ಪಿಕೊಂಡಂತೆ ಎಂಬ ಭಾವನೆ ಆಳವಾಗಿ ಬೇರೂರಿತ್ತು. ಇಂಥವರಿಗೆ ಇನ್ನಷ್ಟು ಶಿಸ್ತನ್ನು ಬೋಧಿಸುವುದು ಗಾಯದ ಮೇಲೆ ಉಪ್ಪು ಸವರಿದಂತೆಯೇ ಸರಿ.

ಆದ್ದರಿಂದ ಸಮಾಧಾನಕ್ಕಿಂತ ಮೊದಲು ದೇಹದೊಳಗಿನ ವ್ಯವಹಾರವನ್ನು ವಿವರಿಸಿದೆ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ದೇಹವೇ ತಯಾರಿಸಿಕೊಂಡದ್ದು, ಆಹಾರದಿಂದ ಬರುವುದು ಚಿಕ್ಕ ಪಾಲು. ರಕ್ತದಲ್ಲಿ ಸುತ್ತುವ ಎಲ್‌ಡಿಎಲ್ ಕಣಗಳನ್ನು ಯಕೃತ್ತಿನ ಜೀವಕೋಶಗಳು ತಮ್ಮ ಮೇಲ್ಮೈಯಲ್ಲಿರುವ ಗ್ರಾಹಕಗಳ, ಅಂದರೆ ಆ ಕಣಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳ ಮೂಲಕ ಒಳಗೆಳೆದುಕೊಳ್ಳುತ್ತವೆ. ಇದನ್ನು ಕಂಡುಹಿಡಿದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಗ್ರಾಹಕಗಳ ಜೀನ್‌ನಲ್ಲಿ ದೋಷವಿರುವವರಲ್ಲಿ ಕಣಗಳು ಹುಟ್ಟಿದಂದಿನಿಂದಲೂ ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಯಲ್ಲಿ ನಿಧಾನವಾಗಿ ಸೇರಿಕೊಳ್ಳುತ್ತವೆ. ವಂಶಪಾರಂಪರ್ಯವಾಗಿ ಬರುವ ಈ ಸ್ಥಿತಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುತ್ತದೆ. ವಯಸ್ಕರಲ್ಲಿ ಎಲ್‌ಡಿಎಲ್ 190ನ್ನು ದಾಟಿದ್ದು, ಹತ್ತಿರದ ಸಂಬಂಧಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ವೈದ್ಯರು ಇದನ್ನು ಶಂಕಿಸುತ್ತಾರೆ. ಥೈರಾಯ್ಡ್ ಕೊರತೆ, ಮಧುಮೇಹ, ಮೂತ್ರಪಿಂಡದ ತೊಂದರೆಗಳಿಲ್ಲವೆಂದು ಇವರ ವೈದ್ಯರು ಆಗಲೇ ಖಚಿತಪಡಿಸಿಕೊಂಡಿದ್ದರು.

ಇಷ್ಟು ಕೇಳಿದ ಮೇಲೆ ಅವರು ಸಿಟ್ಟಿನಿಂದಲೇ, "ಹಾಗಾದರೆ ಆರು ತಿಂಗಳ ಪಥ್ಯ ದಂಡವೇ?" ಎಂದರು. ದಂಡವಲ್ಲ, 208ರಿಂದ 193ಕ್ಕೆ ಇಳಿದದ್ದು ಬಹುಶಃ ಆ ಪಥ್ಯದ ಫಲವೇ, ಆದರೆ ಇಂಥ ಸ್ಥಿತಿಯಲ್ಲಿ ಪಥ್ಯದ ಕೈ ಅಷ್ಟೇ ಉದ್ದ ಎಂದೆ. ಸ್ಟ್ಯಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸಿ, ಆ ಕೊರತೆ ತುಂಬಿಕೊಳ್ಳಲು ಯಕೃತ್ತು ಹೆಚ್ಚು ಗ್ರಾಹಕಗಳನ್ನು ಹೊರತರುವಂತೆ ಮಾಡುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಆ ಪರಿಣಾಮವೂ ನಿಲ್ಲುತ್ತದೆ. 98 ಎಂಬುದು ಗುಣವಾದ ಗುರುತಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು, ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸಬಾರದು ಎಂಬುದು. ಮಾತ್ರೆಯಿಂದ ಸ್ನಾಯು ನೋವು ಕಾಣಿಸಿದರೆ ಸಹಿಸಿಕೊಂಡೂ ಇರಬಾರದು, ಗುಟ್ಟಾಗಿ ಬಿಟ್ಟೂ ಇರಬಾರದು, ಏಕೆಂದರೆ ಪ್ರಮಾಣ ಇಳಿಸಲು, ಬೇರೆ ಸ್ಟ್ಯಾಟಿನ್ ಕೊಡಲು, ಇನ್ನೊಂದು ಬಗೆಯ ಔಷಧ ಸೇರಿಸಲು ವೈದ್ಯರಿಗೆ ದಾರಿಗಳಿವೆ. ನೋವಿನ ಜೊತೆ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಬೇಕು. ಮತ್ತೆ ಗರ್ಭಧಾರಣೆಯ ಯೋಚನೆ ಬಂದರೆ ಮೊದಲೇ ತಿಳಿಸಬೇಕೆಂದೂ ಹೇಳಿದೆ. ಜಿಡ್ಡನ್ನು ಪೂರ್ತಿ ತೊರೆಯುವ ಬದಲು, ತಣ್ಣಗಾದಾಗ ಗಟ್ಟಿಯಾಗುವ ಕೊಬ್ಬುಗಳನ್ನು ಕಡಿಮೆ ಮಾಡಿ ಅವುಗಳ ಜಾಗದಲ್ಲಿ ದ್ರವರೂಪದ ಸಸ್ಯಜನ್ಯ ಎಣ್ಣೆಗಳನ್ನು ಮಿತವಾಗಿ ಬಳಸುವುದು, ನಾರಿನಂಶ ಹೆಚ್ಚಿಸುವುದು, ಮತ್ತು ಇದನ್ನೆಲ್ಲ ಎಲ್ಲರೊಂದಿಗೆ ಕುಳಿತು ಉಣ್ಣುತ್ತಲೇ ಮಾಡುವುದು ಸಾಕು. ನಡಿಗೆ ಮುಂದುವರಿಯಲಿ, ಅದು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಮತ್ತು ರಕ್ತದೊತ್ತಡಕ್ಕೆ ಹೆಚ್ಚು ಅನುಕೂಲ, ಎಲ್‌ಡಿಎಲ್‌ಗೆ ಸ್ವಲ್ಪ.

ಅವರು ಮಾತ್ರೆಯನ್ನು ಮತ್ತೆ ಆರಂಭಿಸಿದರು. ನಂತರದ ಪರೀಕ್ಷೆಯಲ್ಲಿ ಎಲ್‌ಡಿಎಲ್ ನೂರರ ಆಸುಪಾಸಿಗೆ ಬಂದಿದ್ದು, ಅದನ್ನು ಇನ್ನೂ ಇಳಿಸುವ ವಿಚಾರವನ್ನು ವೈದ್ಯರು ನೋಡಿಕೊಳ್ಳುತ್ತಿದ್ದಾರೆ.

ಕಷ್ಟದ ಮಾತು ಉಳಿದಿತ್ತು. ಇಂಥ ಜೀನ್ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಶೇಕಡಾ 50 ಇರುವುದರಿಂದ ಮಕ್ಕಳ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲವೆಂದು ತಿಳಿಸಿದಾಗ ಅವರು ಎರಡು ಭೇಟಿಗಳನ್ನು ತಪ್ಪಿಸಿದರು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಮಗಳದು ಸಹಜವಾಗಿತ್ತು, 12 ವರ್ಷದ ಮಗನದು 174. ಅವನನ್ನು ಮಕ್ಕಳ ತಜ್ಞರು ನೋಡುತ್ತಿದ್ದಾರೆ. ಈಗ ನಮ್ಮ ಭೇಟಿಗಳಲ್ಲಿ ಅವನಿಗೆ ಇದನ್ನು ಹೇಗೆ ಹೇಳುವುದೆಂಬ ಸಿದ್ಧತೆ ನಡೆದಿದೆ. "ನನ್ನಿಂದ ಬಂತು" ಎಂದು ಕಣ್ಣೀರಿನೊಂದಿಗೆ ಮಾತು ಆರಂಭಿಸದೆ, "ನಮ್ಮಿಬ್ಬರಿಗೂ ಇದೆ, ಇಬ್ಬರೂ ಚಿಕಿತ್ಸೆ ಪಡೆಯೋಣ" ಎಂದು ಹೇಳುವಂತೆ ಸೂಚಿಸಿದ್ದೇನೆ. ಅವನ ತಟ್ಟೆಯ ಮೇಲೆ ಕಾವಲು ಕೂರಬಾರದೆಂದೂ ಕೇಳಿಕೊಂಡಿದ್ದೇನೆ.