ಉತ್ಕರ್ಷಣ–ಅಪಕರ್ಷಣ, ಆನೋಡ್–ಕ್ಯಾಥೋಡ್, ಲೋಹಗಳ ಕ್ರಿಯಾಶೀಲತೆಯ ಸರಣಿ: ಪರೀಕ್ಷೆಯಲ್ಲಿ ಅದಲುಬದಲಾಗುತ್ತವೆ. ನೆನಪಿಡಲು ಸುಲಭ ಉಪಾಯ ಇದೆಯೇ?

ಇದೆ. (ಉತ್ಕರ್ಷಣ ಎಂದರೆ ಎಲೆಕ್ಟ್ರಾನು ಬಿಡುವುದು, ಇಂಗ್ಲಿಷಿನ ಆಕ್ಸಿಡೇಷನ್; ಅಪಕರ್ಷಣ ಎಂದರೆ ಪಡೆಯುವುದು, ರಿಡಕ್ಷನ್. ಇವು ನಡೆಯುವ ಎರಡು ಕಡ್ಡಿಗಳೇ ಆನೋಡ್, ಕ್ಯಾಥೋಡ್.) ಆದರೆ ಇಂಗ್ಲಿಷಿನ ನೆನಪಿನ ಸೂತ್ರಗಳನ್ನು ಎರವಲು ತಂದರೆ ಕನ್ನಡ ಪದಗಳ ಜೊತೆ ಅವು ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಆನೋಡ್ ಮತ್ತು ಆಕ್ಸಿಡೇಷನ್ ಎರಡೂ ಸ್ವರದಿಂದ ಶುರುವಾಗುತ್ತವೆ, ಕ್ಯಾಥೋಡ್ ಮತ್ತು ರಿಡಕ್ಷನ್ ವ್ಯಂಜನದಿಂದ; ಆದ್ದರಿಂದ ಸ್ವರಕ್ಕೆ ಸ್ವರ ಜೋಡಿ ಎಂದರೆ ಸಾಕು. ಕನ್ನಡದಲ್ಲಿ ಉತ್ಕರ್ಷಣ, ಅಪಕರ್ಷಣ ಎರಡೂ ಸ್ವರದಿಂದಲೇ ಶುರು. ಸಾಲದ್ದಕ್ಕೆ ‘ಆನೋಡ್’ ಜೊತೆ ‘ಅಪಕರ್ಷಣ’ ಕಿವಿಗೆ ಚೆನ್ನಾಗಿ ಹೊಂದುತ್ತದೆ, ಮತ್ತು ಅದೇ ತಪ್ಪು ಜೋಡಿ. ನಿಮಗೆ ಅದಲುಬದಲಾಗಲು ಇದೇ ಕಾರಣ ಇರಬಹುದು.

ನಾನು ಹೇಳುವ ಸೂತ್ರ ಮೂರೇ ಪದ: ಆ ಊರು ಬಿಟ್ಟ. ಆ ಎಂದರೆ ಆನೋಡ್, ಊ ಎಂದರೆ ಉತ್ಕರ್ಷಣ, ಬಿಟ್ಟದ್ದು ಎಲೆಕ್ಟ್ರಾನು. ಕ್ಯಾಥೋಡಿಗೆ ಬೇರೆ ಸೂತ್ರ ಕಟ್ಟಬೇಡಿ. ಎರಡು ಸೂತ್ರ ಇದ್ದರೆ ಯಾವುದು ಯಾವುದರದ್ದೆಂಬ ಮೂರನೇ ಗೊಂದಲ ಹುಟ್ಟುತ್ತದೆ. ಒಂದನ್ನು ಗಟ್ಟಿ ಮಾಡಿ, ಇನ್ನೊಂದನ್ನು ತಿರುಗಿಸಿ ಬರೆಯಿರಿ: ಕ್ಯಾಥೋಡ್, ಅಪಕರ್ಷಣ, ಪಡೆಯಿತು.

‘ಉತ್ಕರ್ಷ’ ಎಂದರೆ ಏಳಿಗೆ. ಎಲೆಕ್ಟ್ರಾನ್ ಕಳೆದುಕೊಂಡದ್ದಕ್ಕೆ ಏಳಿಗೆ ಹೇಗೆ ಎಂದು ಹಲವರು ಮುಗ್ಗರಿಸುತ್ತಾರೆ. ಏರುವುದು ಉತ್ಕರ್ಷಣ ಸಂಖ್ಯೆ, ಅಂದರೆ ಪರಮಾಣುವಿನ ಮೇಲೆ ಲೆಕ್ಕ ಹಾಕುವ ಆವೇಶ. ಎಲೆಕ್ಟ್ರಾನಿನ ಆವೇಶ ಋಣ; ಋಣ ಕಳೆದರೆ ಲೆಕ್ಕ ಮೇಲೇರುತ್ತದೆ. ಸತು 0 ಇಂದ +2ಕ್ಕೆ ಏರಿತು, ಉತ್ಕರ್ಷಣ. ತಾಮ್ರದ ಅಯಾನು +2 ಇಂದ 0ಗೆ ಇಳಿಯಿತು, ಅಪಕರ್ಷಣ. ಸಾಲ ತೀರಿಸಿದವನ ಏಳಿಗೆ ಎಂದುಕೊಂಡರೆ ಪದವೇ ಅರ್ಥ ಹೇಳುತ್ತದೆ, ಬೇರೆ ಉಪಾಯ ಬೇಕಿಲ್ಲ. ಇನ್ನು ಉತ್ಕರ್ಷಣಕಾರಿ: ಅದು ಎದುರಿನದನ್ನು ಉತ್ಕರ್ಷಿಸಿ ತಾನು ಅಪಕರ್ಷಣಗೊಳ್ಳುತ್ತದೆ. ‘ಕಾರಿ’ ಎಂದರೆ ಮಾಡಿಸುವುದು, ತಾನೇ ಆಗುವುದಲ್ಲ.

‘ಆ ಊರು ಬಿಟ್ಟ’ ಹೇಳುವುದು ಕ್ರಿಯೆಯನ್ನು ಮಾತ್ರ, ಧ್ರುವದ ಚಿಹ್ನೆಯನ್ನಲ್ಲ. ಅಂಕ ಹೋಗುವುದು ಇಲ್ಲೇ. ವಿದ್ಯುತ್ ಕೊಡುವ ಸತು–ತಾಮ್ರದ ಡೇನಿಯಲ್ ಕೋಶದಲ್ಲಿ ಸತು ತಾನಾಗಿಯೇ ಎಲೆಕ್ಟ್ರಾನು ಬಿಟ್ಟು ಕಡ್ಡಿಯಲ್ಲಿ ಉಳಿಸುತ್ತದೆ, ಹಾಗಾಗಿ ಆನೋಡ್ ಋಣ. ವಿದ್ಯುದ್ವಿಭಜನೆಯಲ್ಲಿ, ಅಂದರೆ ವಿದ್ಯುತ್ ಹರಿಸಿ ಪದಾರ್ಥವನ್ನು ಒಡೆಯುವಾಗ, ಹೊರಗಿನ ಬ್ಯಾಟರಿ ಆನೋಡಿನಿಂದ ಎಲೆಕ್ಟ್ರಾನನ್ನು ಎಳೆಯುತ್ತದೆ, ಆದ್ದರಿಂದ ಅಲ್ಲಿ ಆನೋಡ್ ಧನ. ಚಿಹ್ನೆಯನ್ನು ಬಾಯಿಪಾಠ ಮಾಡಬೇಡಿ. ಎಲೆಕ್ಟ್ರಾನನ್ನು ತಳ್ಳುತ್ತಿರುವವರು ಯಾರು ಎಂದು ಕೇಳಿ, ಉತ್ತರ ಬರುತ್ತದೆ.

ಕ್ರಿಯಾಶೀಲತೆಯ ಸರಣಿಗೆ, ಅಂದರೆ ಹೆಚ್ಚು ಕ್ರಿಯಾಶೀಲ ಲೋಹದಿಂದ ಕಡಿಮೆಯದರತ್ತ ಇಳಿಯುವ ಪಟ್ಟಿಗೆ, ಮಾತ್ರ ನಿಜಕ್ಕೂ ಸಾಲು ಬೇಕು, ಏಕೆಂದರೆ ಲೋಹಗಳ ಹೆಸರುಗಳನ್ನು ನೋಡಿ ಕ್ರಮ ಊಹಿಸಲಾಗದು. ಹೀಗೊಂದು:

ಪೋರಿ ಸೋಮಿ ಕಾಲುವೆಯಲ್ಲಿ ಮೆಲ್ಲಗೆ ಅಡಗಿ ಸರಿದಾಗ ಕಪ್ಪೆ ಸೀನಿ, ಹೈ! ತಾನೇ ಪಾಪ ಬೆಚ್ಚಿ ಚಿಮ್ಮಿತು.

ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ. ಹದಿಮೂರು ಪದ. ನಿಮ್ಮ ಪಠ್ಯದಲ್ಲಿ ನಿಕ್ಕಲ್, ತವರ ಇದ್ದರೆ ‘ಕಪ್ಪೆ ನಿಂತು ತಟ್ಟನೆ ಸೀನಿ’ ಎಂದು ಹಿಗ್ಗಿಸಿ. ಸಾಲು ಹುಚ್ಚುಚ್ಚಾಗಿದೆ, ಇರಲಿ. ಸಪ್ಪೆ ವಾಕ್ಯ ಮರೆತುಹೋಗುತ್ತದೆ, ಕಪ್ಪೆ ಸೀನಿದ್ದು ಮರೆಯುವುದಿಲ್ಲ.

ಕಾಗುಣಿತ ತಪ್ಪಿದರೆ ಸಾಲು ಕುಸಿಯುತ್ತದೆ. ಸೋ ಸೋಡಿಯಂ, ಸ ಸತು, ಸೀ ಸೀಸ. ಕಾ ಕ್ಯಾಲ್ಸಿಯಂ, ಬರೀ ಕ ಕಬ್ಬಿಣ. ಪೋ ಮೇಲಿನ ತುದಿ, ಪಾ ಕೆಳಗೆ ಪಾದರಸ. ‘ಸೋಮಿ’ ಬದಲು ‘ಸೀತಾ’ ಎಂದು ಹೆಸರು ಬದಲಿಸಿದರೆ ಸೋಡಿಯಂ ಜಾಗಕ್ಕೆ ಸೀಸ ಬಂದು ಕೂರುತ್ತದೆ.

ಸಾಲಿನಲ್ಲಿ ಎರಡು ಗಡಿ ಗುರುತಿಸಿಕೊಳ್ಳಿ. ‘ಹೈ’ ಮುಂಚಿನ ಎಂಟು ಲೋಹಗಳು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಿಂದ ಹೈಡ್ರೋಜನನ್ನು ಹೊರತಳ್ಳಬಲ್ಲವು, ನಂತರದ ನಾಲ್ಕು ತಳ್ಳಲಾರವು. ಎರಡನೆಯದು ‘ಅಡಗಿ’ ಮತ್ತು ‘ಸರಿದಾಗ’ ನಡುವೆ: ಅಲ್ಲಿ ಇಂಗಾಲ ಕೂರುತ್ತದೆ. ಸತು, ಕಬ್ಬಿಣ, ಸೀಸದ ಆಕ್ಸೈಡುಗಳನ್ನು ಇಂಗಾಲದ ಜೊತೆ ಕಾಯಿಸಿ ಲೋಹ ತೆಗೆಯಬಹುದು. ಅಲ್ಯುಮಿನಿಯಂಗೆ ವಿದ್ಯುದ್ವಿಭಜನೆಯೇ ಬೇಕು.

ಸಾಲು ಸುಳ್ಳಾದಂತೆ ಕಾಣುವ ಕಡೆಗಳೂ ಇವೆ. ಸೀಸ ಆಮ್ಲದಲ್ಲಿ ಸುಮ್ಮನೆ ಕೂತಂತೆ ಕಾಣುತ್ತದೆ, ಏಕೆಂದರೆ ಅದರ ಕ್ಲೋರೈಡ್, ಸಲ್ಫೇಟ್ ಸರಿಯಾಗಿ ಕರಗದೆ ಮೈಗೆ ಪದರ ಕಟ್ಟುತ್ತವೆ. ಅಲ್ಯುಮಿನಿಯಂ ತಡವಾಗಿ ವರ್ತಿಸುವುದಕ್ಕೆ ಅದರ ಆಕ್ಸೈಡ್ ಪದರ ಕಾರಣ. ತಾಮ್ರ ನೈಟ್ರಿಕ್ ಆಮ್ಲದಲ್ಲಿ ಕರಗುತ್ತದಲ್ಲ ಎಂದರೆ, ಅಲ್ಲಿ ಹೊರಬರುವುದು ನೈಟ್ರೋಜನ್ ಆಕ್ಸೈಡುಗಳು, ಹೈಡ್ರೋಜನ್ ಅಲ್ಲ; ಕೆಲಸ ಮಾಡುವುದು ನೈಟ್ರೇಟಿನ ಉತ್ಕರ್ಷಣ ಶಕ್ತಿ.

ಕೇಳದಿದ್ದರೂ ಒಂದು: ಸಲ್ಫೇಟ್, ಸಲ್ಫೈಟ್ ಗೊಂದಲಕ್ಕೆ ವರ್ಣಮಾಲೆ ಸಾಕು. ಏ ಮುಂದೆ, ಐ ಹಿಂದೆ. ಆಕ್ಸಿಜನ್ ಎಣಿಕೆಯಲ್ಲೂ ‘ಏಟ್’ ಮುಂದೆ, ‘ಐಟ್’ ಒಂದು ಹಿಂದೆ. ಸಲ್ಫೇಟಿಗೆ 4, ಸಲ್ಫೈಟಿಗೆ 3. ನೈಟ್ರೇಟಿಗೆ 3, ನೈಟ್ರೈಟಿಗೆ 2. ಆವೇಶ ಬದಲಾಗುವುದಿಲ್ಲ. ಆದರೆ ‘ಏಟ್’ ಎಂದ ಮಾತ್ರಕ್ಕೆ 4 ಎಂದಲ್ಲ, ಪ್ರತಿ ಕುಟುಂಬದ ಒಂದು ರಾಸಾಯನಿಕ ಸೂತ್ರವನ್ನು ಬೇರೆಯಾಗಿ ಕಲಿಯಲೇಬೇಕು.

ಕೊನೆಗೆ ಅಭ್ಯಾಸದ ಕ್ರಮ. ಸಾಲನ್ನು ಹತ್ತು ಸಲ ಓದುವುದು ವ್ಯರ್ಥ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ಪದದ ಕೆಳಗೆ ಲೋಹದ ಹೆಸರು, ಅದರ ಕೆಳಗೆ ಸಂಕೇತ ಬರೆಯಿರಿ. ಸೋಡಿಯಂ, ಪೊಟ್ಯಾಸಿಯಂ, ಕಬ್ಬಿಣ, ಸೀಸ, ತಾಮ್ರ, ಪಾದರಸ, ಬೆಳ್ಳಿ, ಚಿನ್ನದ ಸಂಕೇತಗಳು ಲ್ಯಾಟಿನ್ ಹೆಸರುಗಳಿಂದ ಬಂದವು, ಹಾಗಾಗಿ ಈ ಮೂರನೇ ಸಾಲನ್ನು ಬಿಡುವಂತಿಲ್ಲ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಹೀಗೆಯೇ ಬರೆಯಿರಿ. ಮೂರನೇ ಸಲದಿಂದ ಮೊದಲಿಂದ ಹೇಳಬೇಡಿ, ನಡುವಿನಿಂದ ಹಿಡಿಯಿರಿ: ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿಟ್ಟರೆ ಏನಾಗುತ್ತದೆ, ಬೆಳ್ಳಿ ಇಟ್ಟರೆ? ಸಾಲಿನಲ್ಲಿ ಮುಂದಿರುವ ಲೋಹ ಹಿಂದಿರುವುದನ್ನು ದ್ರಾವಣದಿಂದ ಹೊರತಳ್ಳುತ್ತದೆ. ಕಪ್ಪೆ ‘ತಾನೇ’ಗಿಂತ ಮುಂದಿದೆ, ‘ಬೆಚ್ಚಿ’ ಹಿಂದಿದೆ. ಮೊಳೆಯ ಮೇಲೆ ತಾಮ್ರ ಕೂರುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ.