ಓದುಗರ ಪ್ರಶ್ನೆ: ಕಟ್ಟಡದ ಖರ್ಚಿನ ಅಂದಾಜು

ಪ್ರಶ್ನೆ: ಮನೆ ಕಟ್ಟಿಸಲು ಇಬ್ಬರು ಗುತ್ತಿಗೆದಾರರಿಂದ ಅಂದಾಜು ಪಡೆದಿದ್ದೇನೆ. ಒಬ್ಬರು ಚದರ ಮೀಟರಿಗೆ ಇಷ್ಟು ಎಂದು ಒಂದೇ ಸಾಲಿನಲ್ಲಿ ಮೊತ್ತ ಹೇಳಿದ್ದಾರೆ. ಇನ್ನೊಬ್ಬರು ಹಲವು ಪುಟಗಳ ಪಟ್ಟಿ ಕೊಟ್ಟಿದ್ದು, ಅದರ ಮೊತ್ತ ಸಾಕಷ್ಟು ಹೆಚ್ಚಿದೆ. ಯಾವುದನ್ನು ನಂಬಬೇಕು?

ಉತ್ತರ: ಮೊತ್ತ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಮೊದಲನೆಯದನ್ನು ಒಪ್ಪಿಕೊಳ್ಳಬೇಡಿ. ವಿಸ್ತೀರ್ಣಕ್ಕೆ ದರ ಕಟ್ಟುವ ಕ್ರಮ, ಕಟ್ಟಿಸಬೇಕೋ ಬೇಡವೋ ಎಂದು ಯೋಚಿಸುವ ಹಂತಕ್ಕೆ ಸಾಕು. ನಕ್ಷೆ ಸಿದ್ಧವಾದ ಮೇಲೂ ಅದನ್ನೇ ನೆಚ್ಚಿಕೊಂಡರೆ ಕಟ್ಟಡದ ಆಕಾರವೇ ಲೆಕ್ಕದಿಂದ ಹೊರಗುಳಿಯುತ್ತದೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಕಟ್ಟಡಕ್ಕೂ 20 ಮೀಟರ್ ಉದ್ದ, 5 ಮೀಟರ್ ಅಗಲದ ಕಟ್ಟಡಕ್ಕೂ ವಿಸ್ತೀರ್ಣ 100 ಚದರ ಮೀಟರೇ. ಆದರೆ ಮೊದಲನೆಯದರ ಸುತ್ತಳತೆ 40 ಮೀಟರ್, ಎರಡನೆಯದರದು 50. ಗೋಡೆಯ ಎತ್ತರ 3 ಮೀಟರ್ ಎಂದಿಟ್ಟುಕೊಂಡರೆ ಹೊರಗೋಡೆಯೇ 30 ಚದರ ಮೀಟರಿನಷ್ಟು ಹೆಚ್ಚಾಗುತ್ತದೆ. ಅದರ ಎರಡೂ ಮೈಗೆ ಗಾರೆ ಮತ್ತು ಬಣ್ಣ, ಅದರ ಕೆಳಗೆ 10 ಮೀಟರ್ ಪಾಯ, ಆ ಪಾಯಕ್ಕೆ ಅಗೆತ ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ವಿಸ್ತೀರ್ಣದ ದರಕ್ಕೆ ಇದು ಯಾವುದೂ ಕಾಣುವುದಿಲ್ಲ.

ಪುಟಗಟ್ಟಲೆ ಇರುವ ಪಟ್ಟಿಯೂ ತನ್ನಷ್ಟಕ್ಕೆ ನಂಬಿಕೆಗೆ ಅರ್ಹವಲ್ಲ. ಪ್ರತಿ ಕೆಲಸಕ್ಕೂ ಅಳತೆ, ಪರಿಮಾಣ, ದರ, ಮೊತ್ತ ಬೇರೆಬೇರೆಯಾಗಿ ಇವೆಯೇ ಎಂದು ನೋಡಿ. ನಾಲ್ಕೈದು ಅಳತೆಗಳನ್ನು ನಕ್ಷೆಯೊಂದಿಗೆ ನೀವೇ ತಾಳೆ ಹಾಕಿ. ಆಮೇಲೆ, ಪಟ್ಟಿಯಲ್ಲಿ ಇಲ್ಲದಿರುವುದನ್ನು ಹುಡುಕಿ. ದರದಲ್ಲಾಗುವ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಬರೆಯದೇ ಬಿಟ್ಟ ಕೆಲಸವಾದರೋ ಬಿಲ್ಲು ಬರುವ ತನಕ ಕಾಣುವುದಿಲ್ಲ. ಸಾರುವೆ, ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹಿಡಿದಿಡುವ ಅಚ್ಚು ಮತ್ತು ಆಸರೆ), ಕ್ಯೂರಿಂಗಿಗೆ ಅಂದರೆ ಹೊಸ ಕಾಂಕ್ರೀಟನ್ನು ಒದ್ದೆಯಾಗಿಡಲು ಬೇಕಾದ ನೀರು, ತಾತ್ಕಾಲಿಕ ವಿದ್ಯುತ್ತು, ಅಗೆದ ಮಣ್ಣಿನ ಸಾಗಣೆ ಇವು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಅಗೆದ ಮಣ್ಣು ಸಡಿಲಗೊಂಡು ಸುಮಾರು ಕಾಲುಭಾಗದಷ್ಟು ಉಬ್ಬುವುದರಿಂದ, ಗುಂಡಿಯ ಅಳತೆಯಿಂದಲೇ ಲಾರಿಗಳ ಲೆಕ್ಕ ಹಾಕಿದ್ದರೆ ಅಲ್ಲೂ ಕೊರತೆ ಬೀಳುತ್ತದೆ.

ಪ್ರಶ್ನೆ: ಒಂದು ಘನ ಮೀಟರ್ ಕಾಂಕ್ರೀಟಿಗೆ ಸಾಮಗ್ರಿಯನ್ನು 1.54 ಘನ ಮೀಟರ್ ಎಂದು ಹಿಡಿಯುತ್ತಾರೆ. ಇದು ಲೆಕ್ಕವನ್ನು ಹಿಗ್ಗಿಸುವ ಉಪಾಯವೇ?

ಉತ್ತರ: ಖಂಡಿತ ಅಲ್ಲ. ಒಣ ಜಲ್ಲಿಯ ನಡುವಿನ ಸಂದುಗಳನ್ನು ಮರಳು ತುಂಬುತ್ತದೆ, ಮರಳಿನ ಸಂದುಗಳನ್ನು ಸಿಮೆಂಟು ತುಂಬುತ್ತದೆ. ನೀರು ಬೆರೆಸಿ ಗಟ್ಟಿಯಾಗಿ ಕೂರಿಸಿದಾಗ ಒಟ್ಟು ಗಾತ್ರ ಕುಗ್ಗುತ್ತದೆ. ಆದ್ದರಿಂದಲೇ ಒಣ ಸಾಮಗ್ರಿಯನ್ನು ಸುಮಾರು ಒಂದೂವರೆ ಪಟ್ಟು ಹಿಡಿಯುವ ರೂಢಿಯಿದೆ. ಸಿಮೆಂಟು, ಮರಳು, ಜಲ್ಲಿ ಕ್ರಮವಾಗಿ 1:1.5:3 ಭಾಗಗಳಿರುವ ಮಿಶ್ರಣವನ್ನೇ ತೆಗೆದುಕೊಳ್ಳಿ. ಭಾಗಗಳ ಮೊತ್ತ 5.5, 1.54ನ್ನು ಅದರಿಂದ ಭಾಗಿಸಿದರೆ ಸಿಮೆಂಟು 0.28 ಘನ ಮೀಟರ್. ಸಡಿಲ ಸಿಮೆಂಟು ಘನ ಮೀಟರಿಗೆ 1440 ಕಿಲೋ ತೂಗುವುದರಿಂದ ಸುಮಾರು 403 ಕಿಲೋ, ಅಂದರೆ 50 ಕಿಲೋದ 8 ಚೀಲ. ಮರಳು 0.42, ಜಲ್ಲಿ 0.84 ಘನ ಮೀಟರ್ ಬೇಕಾಗುತ್ತದೆ.

ಇಲ್ಲಿ ಮರಳಿನ ತೇವವನ್ನು ಮರೆಯಬಾರದು. ಸ್ವಲ್ಪ ಒದ್ದೆಯಾದ ಮರಳು ಉಬ್ಬುತ್ತದೆ, ನುಣ್ಣನೆಯ ಮರಳಾದರೆ ಕಾಲುಭಾಗಕ್ಕೂ ಮಿಕ್ಕಿ ಉಬ್ಬಬಹುದು. ಗಾತ್ರದ ಅಳತೆಯಲ್ಲಿ ಕೊಂಡವರಿಗೆ ಆಗ ಸಿಗುವ ನಿಜವಾದ ಮರಳು ಕಡಿಮೆ. ಕಬ್ಬಿಣದ ತೂಕ ಇಷ್ಟು ಗೊಂದಲದ್ದಲ್ಲ: ಸರಳಿನ ವ್ಯಾಸದ ಮಿಲಿಮೀಟರ್ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರೊಂದರ ತೂಕ ಕಿಲೋಗಳಲ್ಲಿ ಬರುತ್ತದೆ. 12 ಮಿಲಿಮೀಟರ್ ಸರಳಿಗೆ ಅದು 0.89 ಕಿಲೋ. ಉದ್ದವನ್ನು ಅಳೆಯುವಾಗ ಮಾತ್ರ ಕೊಕ್ಕೆ, ಬಾಗು ಮತ್ತು ಒಂದು ಸರಳಿನ ಮೇಲೆ ಇನ್ನೊಂದನ್ನು ಹಾಯಿಸಿ ಕಟ್ಟುವ ಜಾಗಗಳನ್ನು ಸೇರಿಸಲೇಬೇಕು.

ಪ್ರಶ್ನೆ: ಅನಿರೀಕ್ಷಿತ ಖರ್ಚಿಗೆಂದು ಎಷ್ಟು ಎತ್ತಿಡಬೇಕು?

ಉತ್ತರ: ನಕ್ಷೆ, ಮಣ್ಣಿನ ಪರೀಕ್ಷೆ, ಕಬ್ಬಿಣದ ವಿವರ ಎಲ್ಲವೂ ಕೈಯಲ್ಲಿದ್ದರೆ ಶೇಕಡಾ 5 ಸಾಕಾಗಬಹುದು, ಇವುಗಳಲ್ಲಿ ಒಂದೊಂದು ಇಲ್ಲದಿದ್ದಾಗಲೂ ಅದನ್ನು ಹೆಚ್ಚಿಸುತ್ತ ಹೋಗಬೇಕು. ಸಿಡ್ನಿಯ ಒಪೆರಾ ಹೌಸನ್ನು ನೋಡಿ. ಚಾವಣಿಯ ಆಕಾರವನ್ನು ಕಟ್ಟುವುದು ಹೇಗೆಂದು ತೀರ್ಮಾನವಾಗುವ ಮೊದಲೇ, 1959ರಲ್ಲಿ, ಅದರ ಕೆಲಸ ಆರಂಭವಾಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಎಂದಿದ್ದ ಅಂದಾಜು, 1973ರಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ 10 ಕೋಟಿ 20 ಲಕ್ಷ ಮುಟ್ಟಿತ್ತು. ಅಷ್ಟು ಅಂತರವನ್ನು ತುಂಬಬಲ್ಲ ಮೀಸಲು ಯಾವುದೂ ಇಲ್ಲ.

ಸಾಮಗ್ರಿಯ ಬೆಲೆಯೇರಿಕೆಯನ್ನು ಈ ಮೀಸಲಿನೊಳಗೆ ಸೇರಿಸಬೇಡಿ, ಅದಕ್ಕೆ ಪ್ರತ್ಯೇಕ ಸಾಲಿರಲಿ. ನಡುವೆ ನೀವೇ ಬಯಸಿ ಮಾಡಿಸುವ ಬದಲಾವಣೆಗಳನ್ನೂ ಇದರಿಂದ ತೀರಿಸಬಾರದು: ಅಂಥ ಪ್ರತಿಯೊಂದು ಬದಲಾವಣೆಗೂ ಕೆಲಸ ಶುರುವಾಗುವ ಮುನ್ನವೇ ಪರಿಮಾಣ ಮತ್ತು ದರವನ್ನು ಬರೆಸಿಕೊಂಡು ಇಬ್ಬರೂ ಸಹಿ ಹಾಕಿ.