ಕಿವಿ ಕೆಳಗಿನ ಗಂಟಿಗೆ ‘ಮಿಲಾನ್ 4ಬಿ’ ಅಂತ ರಿಪೋರ್ಟ್ ಬಂದಿದೆ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಯಾಕೆ ಬರೆದಿಲ್ಲ?

ನಿಮ್ಮ ಅಮ್ಮನಿಗೆ ಎರಡು ವರ್ಷದಿಂದ ಕಿವಿ ಕೆಳಗೆ ನೋವಿಲ್ಲದ ಗಂಟು ಇದೆ, ಎಫ್‌ಎನ್‌ಎಸಿಯಲ್ಲಿ (ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುವ ಪರೀಕ್ಷೆ) 4ಬಿ ಬಂದಿದೆ, ಡಾಕ್ಟರು ಆಪರೇಷನ್ ಹೇಳಿದ್ದಾರೆ. ಲ್ಯಾಬ್‌ನವರು ಸುಮ್ನೆ ಜಾರಿಕೊಂಡರಾ, ಬೇರೆ ಕಡೆ ಮತ್ತೆ ಚುಚ್ಚಿಸಬೇಕಾ ಅಂತ ಕೇಳಿದ್ದೀರಿ. ನಾನು ಪೆಥಾಲಜಿಸ್ಟ್. ಇಂಥ ರಿಪೋರ್ಟಿಗೆ ಸಹಿ ಹಾಕುವ ಪೈಕಿ.

ಜಾರಿಕೊಂಡಿಲ್ಲ. 4ಬಿ ಅಂದರೆ ಜೊಲ್ಲು ಗ್ರಂಥಿಯಲ್ಲಿ ಗಡ್ಡೆ ಇರುವುದು ಖಚಿತ, ಅದು ಯಾವ ಜಾತಿಯದು ಅಂತ ಸೂಜಿಗೆ ಸಿಕ್ಕ ಜೀವಕೋಶಗಳಿಂದ ಹೇಳಲು ಆಗಲಿಲ್ಲ ಅಂತ. ಮೊದಲು ಒಬ್ಬೊಬ್ಬ ಪೆಥಾಲಜಿಸ್ಟ್ ಒಂದೊಂದು ರೀತಿ ಬರೆಯುತ್ತಿದ್ದರು, ಸರ್ಜನ್‌ಗೆ ತಲೆಬುಡ ತಿಳಿಯುತ್ತಿರಲಿಲ್ಲ. 2018ರಲ್ಲಿ ಜೊಲ್ಲು ಗ್ರಂಥಿಯ ಇಂಥ ರಿಪೋರ್ಟ್‌ಗಳನ್ನು ಒಂದೇ ರೀತಿ ವರ್ಗ ಮಾಡಿ ಬರೆಯುವ ಮಿಲಾನ್ ಪದ್ಧತಿ ಬಂದ ಮೇಲೆ ಸ್ವಲ್ಪ ಶಿಸ್ತು ಬಂತು. ಅದರ ಪ್ರಕಾರ 4ಎ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ ಅಂತ ಬಂದವರಲ್ಲಿ ಕೊನೆಗೆ ಕ್ಯಾನ್ಸರ್ ಆಗುವುದು ನೂರಕ್ಕೆ 5ಕ್ಕಿಂತ ಕಡಿಮೆ. 4ಬಿಯಲ್ಲಿ ಸುಮಾರು 35. ಅಂದರೆ ಜಾಸ್ತಿ ಜನರಿಗೆ ಕ್ಯಾನ್ಸರ್ ಅಲ್ಲ, ಆದರೆ ಕೈಬಿಡುವಷ್ಟು ಚಿಕ್ಕ ಸಂಖ್ಯೆಯೂ ಅಲ್ಲ.

ತೊಡಕು ಎಲ್ಲಿದೆ ಹೇಳುತ್ತೇನೆ. ಈ ಗ್ರಂಥಿಯಲ್ಲಿ ಅತಿ ಹೆಚ್ಚಾಗಿ ಬರುವುದು ಪ್ಲಿಯೋಮಾರ್ಫಿಕ್ ಅಡೆನೋಮಾ, ಕ್ಯಾನ್ಸರ್ ಅಲ್ಲದ ಗಡ್ಡೆ. ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಎಳೆಎಳೆಯಾದ ಗಾಢ ನೇರಳೆಗೆಂಪು ಪದಾರ್ಥ, ಅದರೊಳಗೇ ಹುದುಗಿದ ಜೀವಕೋಶಗಳು ಕಂಡರೆ ಕೆಲಸ ಸುಲಭ. ಆ ಪದಾರ್ಥ ಕಡಿಮೆಯಿದ್ದು ಬರೀ ಚಿಕ್ಕ, ಕಪ್ಪು ಜೀವಕೋಶಗಳ ಗುಂಪುಗಳು ಬಂದರೆ ಫಜೀತಿ. ಅದು ಪ್ಲಿಯೋಮಾರ್ಫಿಕ್ ಅಡೆನೋಮಾ ಇರಬಹುದು, ಬೇಸಲ್ ಸೆಲ್ ಅಡೆನೋಮಾ ಇರಬಹುದು, ಬೇಸಲ್ ಸೆಲ್ ಅಡೆನೋಕಾರ್ಸಿನೋಮಾ ಇರಬಹುದು, ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಕೂಡ ಇರಬಹುದು. ಕೊನೆಯ ಎರಡು ಕ್ಯಾನ್ಸರ್, ಮೊದಲ ಎರಡು ಅಲ್ಲ. ನಡುವಿನ ಎರಡರಲ್ಲಂತೂ ಜೀವಕೋಶಗಳು ಹೆಚ್ಚುಕಡಿಮೆ ಒಂದೇ ಥರ. ಗಡ್ಡೆ ತನ್ನ ಅಂಚು ದಾಟಿ ಪಕ್ಕಕ್ಕೆ ನುಗ್ಗಿದೆಯಾ ಅನ್ನುವುದೇ ವ್ಯತ್ಯಾಸ. ಹೊಲದ ನಡುವಿನಿಂದ ಒಂದು ಹಿಡಿ ಮಣ್ಣು ತಂದುಕೊಟ್ಟು ಬದು ಒಡೆದಿದೆಯಾ ಅಂತ ಕೇಳಿದರೆ ಏನು ಹೇಳೋದು?

ಅಡೆನಾಯ್ಡ್ ಸಿಸ್ಟಿಕ್ ಬಗ್ಗೆ ನಮಗೆ ಭಯ ಜಾಸ್ತಿ. ನಿಧಾನವಾಗಿ ಬೆಳೆಯುತ್ತದೆ, ನರದ ಗುಂಟ ಹರಿಯುತ್ತದೆ, ಎಷ್ಟೋ ವರ್ಷಗಳ ಮೇಲೆ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ‘ಎರಡು ವರ್ಷದಿಂದ ಹಾಗೇ ಇದೆ’ ಅನ್ನುವುದೊಂದನ್ನೇ ನಂಬಿ ಕೂರಬೇಡಿ. ಅಮ್ಮನಿಗೆ ಮುಖ ಸೊಟ್ಟಗಾಗಿಲ್ಲ, ನೋವಿಲ್ಲ ಅನ್ನುವುದು ಒಳ್ಳೆಯ ಸೂಚನೆಯೇ. ಕಿವಿ ಕೆಳಗಿನ ಪೆರೋಟಿಡ್ ಗ್ರಂಥಿಯ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲದವೇ.

ಮತ್ತೆ ಚುಚ್ಚಿಸಿದರೆ ಬಹುಶಃ ಇದೇ ಉತ್ತರ ಬರುತ್ತದೆ. ಅದರ ಬದಲು ಇದೇ ಸ್ಲೈಡುಗಳನ್ನು ಲ್ಯಾಬಿನಿಂದ ತೆಗೆದುಕೊಂಡು ತಲೆ-ಕತ್ತಿನ ಕೇಸುಗಳನ್ನು ಹೆಚ್ಚು ನೋಡುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಸೆಲ್ ಬ್ಲಾಕ್ (ಸೂಜಿಗೆ ಸಿಕ್ಕ ಜೀವಕೋಶಗಳನ್ನು ಮೇಣದಲ್ಲಿ ಕೂರಿಸಿದ ತುಂಡು) ಮಾಡಿದ್ದಾರಾ ಕೇಳಿ. ಮಾಡಿದ್ದರೆ ಪಿಎಲ್‌ಎಜಿ1ನಂಥ ವಿಶೇಷ ಸ್ಟೇನ್‌ಗಳಿಂದ ಒಮ್ಮೊಮ್ಮೆ ಸುಳಿವು ಸಿಗುತ್ತದೆ. ಯಾರಾದರೂ ಹೊರಗಿನಿಂದ ಕೊಯ್ದು ಒಂದು ಚೂರು ಬಯಾಪ್ಸಿ ತೆಗೆಯೋಣ ಅಂದರೆ ಒಪ್ಪುವ ಮೊದಲು ಹತ್ತು ಸಲ ಯೋಚಿಸಿ. ಮುಖದ ನರ ಆ ಗ್ರಂಥಿಯ ಒಳಗೇ ಹಾದುಹೋಗುತ್ತದೆ. ಗಡ್ಡೆ ಒಡೆದು ಚೆಲ್ಲಿದರೆ ಅಲ್ಲಲ್ಲೇ ಮತ್ತೆ ಹುಟ್ಟಬಹುದು.

ಆಪರೇಷನ್ ಆದಮೇಲೆ ಇಡೀ ಗಡ್ಡೆ ನಮ್ಮ ಮೇಜಿಗೆ ಬರುತ್ತದೆ. ಹೊರಮೈಗೆ ಇಂಕ್ ಬಳಿದು, ಹೋಳು ಮಾಡಿ, ಅಂಚಿನ ಭಾಗಗಳಿಂದ ಹಲವು ಬ್ಲಾಕ್ (ಮೇಣದಲ್ಲಿ ಕೂರಿಸಿದ ಚೂರುಗಳು) ತೆಗೆಯುತ್ತೇವೆ. ಆಪರೇಷನ್ ನಡುವೆಯೇ ಫ್ರೋಝನ್ ಸೆಕ್ಷನ್‌ಗೆ (ಚೂರನ್ನು ಹೆಪ್ಪುಗಟ್ಟಿಸಿ ತಕ್ಷಣ ನೋಡುವುದು) ಕಳಿಸುವುದೂ ಉಂಟು, ಆದರೆ ಕೆಲವೇ ನಿಮಿಷದಲ್ಲಿ ನೋಡಿ ಹೇಳುವ ಮಾತು ಕೊನೆಯ ಮಾತಲ್ಲ. ಅಂತಿಮ ರಿಪೋರ್ಟ್ ಬಂದಾಗ ಗಡ್ಡೆಯ ಹೆಸರಿನ ಜೊತೆಗೆ ಅಂಚು ಸ್ವಚ್ಛವಾಗಿದೆಯಾ (ಕೊಯ್ದ ಅಂಚಿನಲ್ಲಿ ಗಡ್ಡೆ ಉಳಿದಿಲ್ಲವಾ), ಕ್ಯಾನ್ಸರ್ ಆಗಿದ್ದರೆ ಗ್ರೇಡ್ (ಎಷ್ಟು ಉಗ್ರ ಅನ್ನುವ ಅಳತೆ) ಏನು, ನರದ ಸುತ್ತ ಹರಡಿದೆಯಾ, ಇವನ್ನೂ ನೋಡಿ.

ಬ್ಲಾಕ್‌ಗಳು ಎಲ್ಲಿವೆ ಅಂತಲೂ ವಿಚಾರಿಸಿಡಿ. ಸೆಕ್ರೆಟರಿ ಕಾರ್ಸಿನೋಮಾ ಅನ್ನುವ ಜೊಲ್ಲು ಗ್ರಂಥಿಯ ಕ್ಯಾನ್ಸರನ್ನು ಬೇರೆ ರೋಗ ಅಂತ ಗುರುತಿಸಿದ್ದೇ 2010ರಲ್ಲಿ. ಅದಕ್ಕೂ ಮುಂಚೆ ಅಂಥವಕ್ಕೆ ಎಷ್ಟೋ ಸಲ ಅಸಿನಿಕ್ ಸೆಲ್ ಕಾರ್ಸಿನೋಮಾ ಅನ್ನುವ ಇನ್ನೊಂದು ಕ್ಯಾನ್ಸರ್ ಅಂತ ರಿಪೋರ್ಟ್ ಹೋಗುತ್ತಿತ್ತು. ಹಳೆಯ ಬ್ಲಾಕ್‌ಗಳು ಉಳಿದಿದ್ದರಿಂದ ಮತ್ತೆ ಪರೀಕ್ಷೆ ಮಾಡಲು ಆಯಿತು. ಈಗ ಅದರ ಜೀನ್ ಬದಲಾವಣೆಗೆ ಹೊಂದುವ ಮಾತ್ರೆಯೂ ಇದೆ.